ಕ್ವಾಂಟಂ ಕೀಲಿ: ಫೋಟಾನಿಗೆ ಇರುವ ಭದ್ರತೆ ಪೆಟ್ಟಿಗೆಗೆ ಇಲ್ಲ

2025ರ ಜೂನ್‌ನಲ್ಲಿ ಒಂದು ಸುದ್ದಿ ಜೋರಾಗಿ ಓಡಾಡಿತು. ಡಿಆರ್‌ಡಿಒ ಮತ್ತು ಐಐಟಿ ದೆಹಲಿಯ ತಂಡ ಕ್ಯಾಂಪಸ್ಸಿನೊಳಗೆ ಕೇಬಲ್ ಇಲ್ಲದೆ, ಬರೀ ಗಾಳಿಯ ಮೂಲಕ, 1 ಕಿಲೋಮೀಟರಿಗಿಂತ ಜಾಸ್ತಿ ದೂರಕ್ಕೆ ಕ್ವಾಂಟಂ ವಿಧಾನದಲ್ಲಿ ರಹಸ್ಯ ಕೀಲಿ ಹಂಚಿಕೊಂಡಿತು. ಕೀಲಿ ಹುಟ್ಟಿದ ವೇಗ ಸೆಕೆಂಡಿಗೆ ಸುಮಾರು 240 ಬಿಟ್ (ಒಂದು ಬಿಟ್ ಎಂದರೆ ಒಂದು 0 ಅಥವಾ 1). ತಪ್ಪಿನ ಪ್ರಮಾಣ ಶೇ 7ಕ್ಕಿಂತ ಕಡಿಮೆ. ಯಾರೂ ಹ್ಯಾಕ್ ಮಾಡಲಾಗದ ಸಂವಹನ ಇನ್ನು ನಮ್ಮ ಕೈಯಲ್ಲಿದೆ ಎಂಬ ಮಾತು ಅದರ ಹಿಂದೆಯೇ ಬಂತು.

ಓದಿದವರಿಗೆ ಗೊಂದಲವಾದದ್ದು ಸಹಜ. 2022ರ ಫೆಬ್ರುವರಿಯಲ್ಲೇ ಇದೇ ಎರಡು ಸಂಸ್ಥೆಗಳು ಪ್ರಯಾಗರಾಜ್ ಮತ್ತು ವಿಂಧ್ಯಾಚಲದ ನಡುವೆ 100 ಕಿಲೋಮೀಟರಿಗೂ ಹೆಚ್ಚು ದೂರ ಇಂಥ ಕೀಲಿ ಕಳಿಸಿದ್ದವು. ಚೀನಾ 2017ರಲ್ಲೇ ಉಪಗ್ರಹದ ನೆರವಿನಿಂದ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಕ್ವಾಂಟಂ ಕೀಲಿ ಬಳಸಿ ವಿಡಿಯೊ ಕರೆ ಮಾಡಿತ್ತು. ಹಾಗಿದ್ದರೆ 1 ಕಿಲೋಮೀಟರ್ ಯಾಕೆ ಸಾಧನೆ? ಇನ್ನೂ ದೊಡ್ಡ ಪ್ರಶ್ನೆ: ಇದು ನಿಜವಾಗಿಯೂ ಭೇದಿಸಲಾಗದ್ದಾದರೆ ಅಮೆರಿಕದ ಎನ್‌ಎಸ್‌ಎ, ಬ್ರಿಟನ್ನಿನ ಎನ್‌ಸಿಎಸ್‌ಸಿಯಂಥ ಭದ್ರತಾ ಸಂಸ್ಥೆಗಳು ತಮ್ಮ ಸರ್ಕಾರಗಳಿಗೆ ಇದನ್ನು ಬಳಸಿ ಎಂದು ಯಾಕೆ ಶಿಫಾರಸು ಮಾಡುತ್ತಿಲ್ಲ?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಒಂದು ಬೆಳಕಿನ ಕಣದಿಂದ ಎಷ್ಟು ಮಾಹಿತಿ ಹೊರತೆಗೆಯಬಹುದು ಎಂಬುದಕ್ಕೆ ಭೌತಶಾಸ್ತ್ರ ಒಂದು ಮಿತಿ ಹಾಕಿದೆ. ಕ್ವಾಂಟಂ ಕೀಲಿಯ ಬಲ ಬಂದಿರುವುದು ಆ ಮಿತಿಯಿಂದ. ಅದರ ದೌರ್ಬಲ್ಯಗಳಲ್ಲಿ ಮುಖ್ಯವಾದವು ಹುಟ್ಟುವುದೂ ಅದೇ ಮಿತಿಯಿಂದ.

ಮೊದಲು, ಕೀಲಿ ಯಾಕೆ ಬೇಕು

ಬ್ಯಾಂಕ್ ಆ್ಯಪ್ ತೆರೆದಾಗ ನಮ್ಮ ಫೋನು ಮತ್ತು ಬ್ಯಾಂಕಿನ ಸರ್ವರ್ ಮೊದಲು ಒಂದು ರಹಸ್ಯ ಸಂಖ್ಯೆಯನ್ನು ಒಪ್ಪಿಕೊಳ್ಳುತ್ತವೆ. ಅದೇ ಕೀಲಿ. ಆಮೇಲಿನ ಮಾತುಕತೆಯೆಲ್ಲ ಅದರಿಂದ ಬೀಗ ಹಾಕಿಕೊಂಡು ಸಾಗುತ್ತದೆ. ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳಬಹುದಾದ ತಂತಿಯಲ್ಲಿ, ರಹಸ್ಯವೊಂದನ್ನು ಒಪ್ಪಿಕೊಳ್ಳುವುದು ಹೇಗೆ? 1970ರ ದಶಕದಿಂದ ಇದಕ್ಕೆ ಗಣಿತದ ಉಪಾಯಗಳಿವೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಬಿಡಿಸುವುದು ಬಲು ಕಷ್ಟ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನ ನಿಂತಿರುವುದು ಈ ಕಷ್ಟದ ಮೇಲೆ.

1994ರಲ್ಲಿ ಪೀಟರ್ ಶೋರ್ ಒಂದು ವಿಷಯ ತೋರಿಸಿದರು. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದ್ದರೆ ಈ ಕಷ್ಟ ಉಳಿಯುವುದಿಲ್ಲ. ಅಂಥ ಯಂತ್ರ ಇನ್ನೂ ಇಲ್ಲ. ಆದರೆ ಅಪಾಯ ಅದು ಬರುವ ದಿನಕ್ಕೆ ಕಾಯುವುದಿಲ್ಲ. ಇವತ್ತಿನ ಬೀಗ ಹಾಕಿದ ಮಾತುಕತೆಯನ್ನು ಸುಮ್ನೆ ದಾಖಲಿಸಿ ಇಟ್ಟುಕೊಂಡರೆ ಸಾಕು, ಯಂತ್ರ ಬಂದ ಮೇಲೆ ಬಿಚ್ಚಿ ಓದಬಹುದು. ನಾಳೆಗೆ ಹಳತಾಗುವ ಸುದ್ದಿಗೆ ಇದರಿಂದ ತೊಂದರೆ ಇಲ್ಲ. ಬೆರಳಚ್ಚು, ರೋಗದ ದಾಖಲೆ, ರಕ್ಷಣಾ ಯೋಜನೆಗಳಂಥ ದಶಕಗಳ ಕಾಲ ಗುಟ್ಟಾಗಿರಬೇಕಾದ ವಿಷಯಗಳಿಗೆ ಇದು ಈಗಲೇ ಬಂದಿರುವ ಅಪಾಯ. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚು ಬದಲಿಸಲಾಗದು ಅಲ್ವಾ.

ಇದಕ್ಕೆ ಎರಡು ದಾರಿ ಕಾಣುತ್ತವೆ. ಕ್ವಾಂಟಂ ಕಂಪ್ಯೂಟರಿಗೂ ಬಗ್ಗದ ಹೊಸ ಗಣಿತ ಹುಡುಕುವುದು ಒಂದು. ಗಣಿತವನ್ನು ಬಿಟ್ಟು ಭೌತಶಾಸ್ತ್ರದ ನಿಯಮದ ಮೇಲೆಯೇ ಕೀಲಿ ಕಟ್ಟುವುದು ಇನ್ನೊಂದು. ಡಿಆರ್‌ಡಿಒ ಪ್ರಯೋಗ ಎರಡನೆಯ ದಾರಿಗೆ ಸೇರಿದ್ದು.

ಒಂದು ಫೋಟಾನಿನಿಂದ ಎಷ್ಟು ತಿಳಿಯಬಹುದು?

ಬೆಳಕಿನ ಒಂದೊಂದು ಕಣಕ್ಕೂ, ಅಂದರೆ ಫೋಟಾನಿಗೂ, ಕಂಪಿಸುವ ಒಂದು ದಿಕ್ಕು ಇರುತ್ತದೆ. ಅದು ನೆಟ್ಟಗೆ ಇರಬಹುದು, ಅಡ್ಡಕ್ಕೆ ಇರಬಹುದು, ನಡುವಿನ ಯಾವುದೇ ಕೋನದಲ್ಲೂ ಇರಬಹುದು. ಕೋನವನ್ನು ನಿಖರವಾಗಿ ಬರೆಯಲು ಹೊರಟರೆ ದಶಮಾಂಶದ ನಂತರ ಎಷ್ಟು ಅಂಕೆ ಬೇಕಾದರೂ ಬರೆಯುತ್ತಾ ಹೋಗಬಹುದು. ಅಂದರೆ ಒಂದೇ ಫೋಟಾನಿನಲ್ಲಿ ಅಪಾರ ಮಾಹಿತಿ ತುಂಬಿ ಕಳಿಸಬಹುದು ಎಂದು ಅನಿಸುತ್ತದೆ.

ಕಳಿಸುವವರು ತುಂಬಬಹುದು, ಪಡೆಯುವವರು ತೆಗೆಯಲಾರರು. ಸೋವಿಯತ್ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ 1973ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ದಿಕ್ಕಿನಲ್ಲಿ ಮಾಹಿತಿ ಹೊತ್ತ ಒಂದು ಫೋಟಾನಿನಿಂದ, ಎಂಥ ಉಪಕರಣ ಇಟ್ಟರೂ, ಒಂದು ಬಿಟ್‌ಗಿಂತ ಹೆಚ್ಚು ಹೊರಬರುವುದಿಲ್ಲ. ಕಾರಣ ಅಳತೆಯ ಸ್ವಭಾವದಲ್ಲೇ ಇದೆ. ಫೋಟಾನನ್ನು ‘ನಿನ್ನ ಕೋನ ಎಷ್ಟು’ ಎಂದು ಕೇಳಲು ಬರುವುದಿಲ್ಲ. ‘ನೆಟ್ಟಗೋ ಅಡ್ಡವೋ’ ಎಂದು ಮಾತ್ರ ಕೇಳಬಹುದು. ಅಥವಾ ‘ಬಲಕ್ಕೆ ಓರೆಯೋ ಎಡಕ್ಕೆ ಓರೆಯೋ’ ಎಂದು ಕೇಳಬಹುದು. ಒಂದು ಉತ್ತರ ಸಿಗುತ್ತದೆ. ಉತ್ತರ ಕೊಟ್ಟ ಫೋಟಾನ್ ಮೊದಲಿನಂತೆ ಉಳಿಯುವುದಿಲ್ಲ. ಎರಡನೆಯ ಪ್ರಶ್ನೆ ಕೇಳಲು ಹಳೆಯ ಸ್ಥಿತಿಯೇ ಇರುವುದಿಲ್ಲ.

ಸರಿ, ಒಂದು ನಕಲು ಮಾಡಿಟ್ಟುಕೊಂಡು ಎರಡೂ ಪ್ರಶ್ನೆ ಕೇಳಿದರೆ? ಅದಕ್ಕೂ ದಾರಿ ಇಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ತದ್ರೂಪ ಪ್ರತಿ ಮಾಡಲಾಗದು ಎಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್, ಬೇರೆಯಾಗಿ ಡೀಕ್ಸ್, ತೋರಿಸಿದರು. ಈ ಎರಡು ತಡೆ ಒಟ್ಟಿಗೆ ಸೇರಿದಾಗ ಕದ್ದು ನೋಡುವವನಿಗೆ ದೊಡ್ಡ ಪೆಟ್ಟು ಬೀಳುತ್ತದೆ.

ಬೆಂಗಳೂರಿನಲ್ಲಿ ಮಂಡನೆಯಾದ ಉಪಾಯ

ಈ ತಡೆಯನ್ನು ಕೆಲಸಕ್ಕೆ ಹಚ್ಚಬಹುದು ಎಂದು ಮೊದಲು ಹೊಳೆದದ್ದು ಸ್ಟೀಫನ್ ವೀಸ್ನರ್ ಅವರಿಗೆ, 1970ರ ಸುಮಾರಿಗೆ. ಅವರ ಬರಹ ಅಚ್ಚಾಗಲು 1983 ಬರಬೇಕಾಯಿತು. ಅದನ್ನು ಬೆಳೆಸಿದವರು ಐಬಿಎಂನ ಚಾರ್ಲ್ಸ್ ಬೆನೆಟ್ ಮತ್ತು ಮಾಂಟ್ರಿಯಲ್‌ನ ಜೀಲ್ ಬ್ರಸಾರ್. ಇಬ್ಬರೂ ಸೇರಿ ರೂಪಿಸಿದ ವಿಧಾನ ಮಂಡನೆಯಾದದ್ದು 1984ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ. ಇಂದು ಜಗತ್ತೆಲ್ಲ ಬಿಬಿ84 ಎಂದು ಕರೆಯುವುದು ಅದನ್ನೇ. ಕ್ವಾಂಟಂ ಗೂಢಲಿಪಿಯ ಯಾವುದೇ ಪ್ರಬಂಧ ತೆಗೆದರೂ ಉಲ್ಲೇಖಗಳ ಪಟ್ಟಿಯಲ್ಲಿ ‘ಬೆಂಗಳೂರು, 1984’ ಕಾಣಿಸಿಕೊಳ್ಳುವುದು ಇದರಿಂದಲೇ.

ವಿಧಾನ ಹೀಗಿದೆ. ಕಳಿಸುವವರು ಒಂದೊಂದು ಫೋಟಾನನ್ನೂ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಮನಬಂದಂತೆ ಆರಿಸಿ ಕಳಿಸುತ್ತಾರೆ: ನೆಟ್ಟಗೆ, ಅಡ್ಡ, ಬಲ ಓರೆ, ಎಡ ಓರೆ. ನೆಟ್ಟಗೆ–ಅಡ್ಡ ಒಂದು ಪ್ರಶ್ನೆಯ ಜೋಡಿ, ಎರಡು ಓರೆಗಳು ಇನ್ನೊಂದರದ್ದು; ಪ್ರತಿ ಜೋಡಿಯಲ್ಲೂ ಒಂದು ದಿಕ್ಕು 0, ಇನ್ನೊಂದು 1. ಪಡೆಯುವವರು ಎರಡು ಪ್ರಶ್ನೆಗಳಲ್ಲಿ ಒಂದನ್ನು, ಅವರೂ ಮನಬಂದಂತೆ, ಆರಿಸಿ ಅಳೆಯುತ್ತಾರೆ.

ನಡುವೆ ಕುಳಿತು ಕದ್ದು ನೋಡುವವನಿಗೆ ಎಷ್ಟು ತಿಳಿಯುತ್ತದೆ, ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ನಾಲ್ಕು ಸಾಧ್ಯತೆಗಳಿದ್ದಾಗ ಅನಿಶ್ಚಿತತೆ 2 ಬಿಟ್. ಅವನು ‘ನೆಟ್ಟಗೋ ಅಡ್ಡವೋ’ ಎಂದು ಕೇಳಿ ‘ನೆಟ್ಟಗೆ’ ಎಂಬ ಉತ್ತರ ಪಡೆದ ಎಂದುಕೊಳ್ಳಿ. ಅಡ್ಡ ಅಲ್ಲ ಎಂಬುದು ಖಾತ್ರಿಯಾಯಿತು. ನೆಟ್ಟಗಿರುವ ಸಾಧ್ಯತೆ ಅರ್ಧಕ್ಕೆ ಏರಿತು. ಆದರೆ ಎರಡು ಓರೆಗಳು ತಲಾ ಕಾಲು ಸಾಧ್ಯತೆಯೊಂದಿಗೆ ಹಾಗೇ ಉಳಿದವು, ಯಾಕೆಂದರೆ ಓರೆ ಫೋಟಾನ್ ಕೂಡ ಈ ಪ್ರಶ್ನೆಗೆ ಅರ್ಧ ಸಲ ‘ನೆಟ್ಟಗೆ’ ಎಂದೇ ಉತ್ತರಿಸುತ್ತದೆ. ಈಗ ಅನಿಶ್ಚಿತತೆ 1.5 ಬಿಟ್. ಅವನ ಗಳಿಕೆ ಅರ್ಧ ಬಿಟ್. ಇದಕ್ಕಿಂತ ಜಾಣ ಅಳತೆ ಇರಬಹುದೇ ಎಂದರೆ, ಇಲ್ಲ. ಈ ನಾಲ್ಕು ದಿಕ್ಕುಗಳ ಮಟ್ಟಿಗೆ ಹೊಲೆವೊ ಹಾಕಿದ ಗಡಿ 1 ಬಿಟ್. ನಿಜವಾಗಿ ಕೈಗೆ ಎಟಕುವುದು ಅದರ ಅರ್ಧ ಮಾತ್ರ.

ಪಡೆಯುವವರಿಗೂ ಆ ಕ್ಷಣದಲ್ಲಿ ಸಿಗುವುದು ಅಷ್ಟೇ. ಹಾಗಾದರೆ ಅವರಿಗೂ ಕಳ್ಳನಿಗೂ ಏನು ವ್ಯತ್ಯಾಸ? ವ್ಯತ್ಯಾಸ ಹುಟ್ಟುವುದು ಸಮಯದಿಂದ. ಎಲ್ಲ ಫೋಟಾನುಗಳೂ ತಲುಪಿದ ಮೇಲೆ ಇಬ್ಬರೂ ಸಾಮಾನ್ಯ ಫೋನಿನಲ್ಲೇ, ಎಲ್ಲರೂ ಕೇಳುವಂತೆ, ಯಾವ ಫೋಟಾನಿಗೆ ಯಾವ ಪ್ರಶ್ನೆ ಬಳಸಿದೆವು ಎಂದು ಹೇಳಿಕೊಳ್ಳುತ್ತಾರೆ. ಉತ್ತರ ಹೇಳುವುದಿಲ್ಲ. ಪ್ರಶ್ನೆ ಹೊಂದಿಕೆಯಾದ ಅರ್ಧ ಫೋಟಾನುಗಳಲ್ಲಿ ಇಬ್ಬರ ಬಳಿಯೂ ಒಂದೇ ಬಿಟ್ ಇರುತ್ತದೆ. ಉಳಿದವನ್ನು ಎಸೆಯುತ್ತಾರೆ. ಕಳ್ಳನಿಗೂ ಈ ಘೋಷಣೆ ಕೇಳಿಸುತ್ತದೆ. ಆದರೆ ಅವನು ಫೋಟಾನನ್ನು ಆಗಲೇ ಅಳೆದು ಕೆಡಿಸಿದ್ದಾನೆ, ಇಲ್ಲವೇ ಮುಂದಕ್ಕೆ ಬಿಟ್ಟುಕೊಟ್ಟಿದ್ದಾನೆ. ನಕಲು ಇಟ್ಟುಕೊಳ್ಳಲು ನಿಸರ್ಗ ಬಿಟ್ಟಿಲ್ಲ.

ಅವನು ಅಳೆದು, ಸಿಕ್ಕಿದ ಉತ್ತರದಂತೆ ಹೊಸ ಫೋಟಾನ್ ಮಾಡಿ ಕಳಿಸಿದರೆ ಅರ್ಧ ಸಲ ತಪ್ಪು ಪ್ರಶ್ನೆ ಕೇಳಿರುತ್ತಾನೆ. ಆ ಅರ್ಧದಲ್ಲಿ ಮತ್ತರ್ಧ ಸಲ ಪಡೆಯುವವರಿಗೆ ತಪ್ಪು ಬಿಟ್ ಬರುತ್ತದೆ. ಒಟ್ಟು ಶೇ 25 ತಪ್ಪು. ಬರೀ 40 ಬಿಟ್‌ಗಳನ್ನು ಹೋಲಿಸಿ ನೋಡಿದರೂ ಅವನು ಸಿಕ್ಕಿಬೀಳದೆ ಉಳಿಯುವ ಸಾಧ್ಯತೆ ಸುಮಾರು ಲಕ್ಷಕ್ಕೆ ಒಂದು.

ನಿಜವಾದ ಉಪಕರಣದಲ್ಲಿ ಕಳ್ಳನಿಲ್ಲದಿದ್ದರೂ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ಯಾವ ತಪ್ಪು ಯಂತ್ರದ್ದು, ಯಾವುದು ಕಳ್ಳನದ್ದು ಎಂದು ಬೇರೆ ಮಾಡಲು ಬರುವುದಿಲ್ಲ. ಆದ್ದರಿಂದ ಎಲ್ಲವೂ ಕಳ್ಳನದ್ದೇ ಎಂದು ಲೆಕ್ಕ ಹಿಡಿಯುತ್ತಾರೆ. ತಪ್ಪು ತಿದ್ದಲು ಒಂದಿಷ್ಟು ಬಿಟ್ ಬಲಿ ಕೊಡುತ್ತಾರೆ. ಕಳ್ಳನಿಗೆ ತಿಳಿದಿರಬಹುದಾದಷ್ಟನ್ನು ಕೀಲಿಯಿಂದ ಹಿಂಡಿ ತೆಗೆಯಲು ಮತ್ತಷ್ಟು ಬಿಟ್ ಬಿಡುತ್ತಾರೆ. ತಪ್ಪು ಶೇ 11ರ ಹತ್ತಿರ ಬಂದರೆ ಈ ಮಾಮೂಲಿ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ. ಶೇ 7ರಲ್ಲಿ, ಎಲ್ಲ ಆದರ್ಶವಾಗಿದ್ದರೆ, ಕಾಲುಭಾಗದಷ್ಟು ಉಳಿಯುತ್ತದೆ. ದೆಹಲಿ ಪ್ರಯೋಗದ ಸುದ್ದಿಯಲ್ಲಿದ್ದ ಶೇ 7ರ ಅಂಕಿಯನ್ನು ಓದಬೇಕಾದದ್ದು ಹೀಗೆ. ಕೀಲಿ ಹುಟ್ಟುವ ವಲಯದೊಳಗೇ ಅದು ಇದೆ. ಆದರೆ ಅಂಚಿನಿಂದ ತೀರಾ ದೂರವೇನೂ ಇಲ್ಲ.

ಅದೇ ನಿಯಮ ನಮ್ಮ ಕೈಯನ್ನೂ ಕಟ್ಟುತ್ತದೆ

ಕಳ್ಳನಿಗೆ ನಕಲು ಮಾಡಲು ಬಿಡದ ನಿಯಮ ನಮಗೂ ನಕಲು ಮಾಡಲು ಬಿಡುವುದಿಲ್ಲ. ತಲೆನೋವು ಶುರುವಾಗುವುದು ಇಲ್ಲಿಂದ.

ಒಳ್ಳೆಯ ಆಪ್ಟಿಕಲ್ ಫೈಬರಿನಲ್ಲಿ ಪ್ರತಿ 50 ಕಿಲೋಮೀಟರಿಗೆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 100 ಕಿಲೋಮೀಟರಿಗೆ ನೂರರಲ್ಲಿ ಒಂದು ಫೋಟಾನ್ ಉಳಿಯುತ್ತದೆ, 200ಕ್ಕೆ ಹತ್ತು ಸಾವಿರದಲ್ಲಿ ಒಂದು. ಸೆಕೆಂಡಿಗೆ 100 ಕೋಟಿ ಫೋಟಾನ್ ಕಳಿಸಿದರೂ 1,000 ಕಿಲೋಮೀಟರ್ ಆಚೆ ಒಂದು ಫೋಟಾನ್ ಮುಟ್ಟಲು ಸರಾಸರಿ 3,000 ವರ್ಷಕ್ಕಿಂತ ಜಾಸ್ತಿ ಬೇಕು. ನಮ್ಮ ಇಂಟರ್ನೆಟ್ ಕೇಬಲ್ಲುಗಳಲ್ಲೂ ಇದೇ ನಷ್ಟ ಇದೆ. ಅಲ್ಲಿ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಇಟ್ಟು ಬೆಳಕನ್ನು ಮತ್ತೆ ಹೆಚ್ಚಿಸುತ್ತಾರೆ. ಹೆಚ್ಚಿಸುವುದು ಅಂದರೆ ಒಂದರಿಂದ ಹಲವು ಪ್ರತಿ ಮಾಡುವುದು. ಕ್ವಾಂಟಂ ಸಂಕೇತಕ್ಕೆ ಅದು ನಿಷಿದ್ಧ.

ನಡುವೆ ಬೇರೆ ಏನೂ ಇಡದೆ ನೇರವಾಗಿ ಕಳಿಸಿದರೆ ಎಷ್ಟು ಕೀಲಿ ಸಿಗಬಹುದು ಎಂಬುದಕ್ಕೆ 2017ರಲ್ಲಿ ಪಿರಾಂಡೋಲಾ ಮತ್ತು ಸಂಗಡಿಗರು ಕಟ್ಟುನಿಟ್ಟಾದ ಗಡಿ ಹಾಕಿಕೊಟ್ಟರು. ಎಷ್ಟು ಜಾಣ ಎಂಜಿನಿಯರ್ ಇದ್ದರೂ ಅದನ್ನು ದಾಟುವಂತಿಲ್ಲ. ಮರುವರ್ಷ ‘ಟ್ವಿನ್ ಫೀಲ್ಡ್’ ಎಂಬ ಹೊಸ ವಿಧಾನ ಬಂತು. ಎರಡೂ ತುದಿಯಿಂದ ಬೆಳಕು ಕಳಿಸಿ ನಡುವಿನ ನಿಲ್ದಾಣದಲ್ಲಿ ಸಂಧಿಸುವಂತೆ ಮಾಡಿದರೆ ನಷ್ಟ ಅರ್ಧ ದೂರದ್ದಷ್ಟೇ ಆಗುತ್ತದೆ. ನಡುವಿನ ನಿಲ್ದಾಣವನ್ನು ನಂಬಬೇಕಾಗಿಯೂ ಇಲ್ಲ. ಚೀನಾದ ತಂಡ 2023ರಲ್ಲಿ ಇದರಿಂದ 1,002 ಕಿಲೋಮೀಟರ್ ಫೈಬರ್ ದಾಟಿತು. ವೇಗ ಸೆಕೆಂಡಿಗೆ 0.0034 ಬಿಟ್. ಅಂದರೆ 256 ಬಿಟ್‌ನ ಒಂದೇ ಒಂದು ಕೀಲಿಗೆ ಸುಮಾರು 21 ಗಂಟೆ. ಅದ್ಭುತ ಪ್ರಯೋಗ, ಸಂಶಯವಿಲ್ಲ. ದಿನನಿತ್ಯದ ಬಳಕೆಗೆ ಸಾಲದು.

ಹಾಗಾಗಿ ಬಳಕೆಯಲ್ಲಿರುವ ಉದ್ದದ ಜಾಲಗಳೆಲ್ಲ ಬೇರೆ ಉಪಾಯ ಹಿಡಿದಿವೆ. ಬೀಜಿಂಗ್–ಶಾಂಘೈ ಮಾರ್ಗ ಸುಮಾರು 2,000 ಕಿಲೋಮೀಟರ್ ಇದೆ. ದಾರಿಯಲ್ಲಿ 32 ‘ನಂಬಿಕಸ್ಥ’ ನಿಲ್ದಾಣಗಳಿವೆ. ಪ್ರತಿ ನಿಲ್ದಾಣದಲ್ಲೂ ಫೋಟಾನನ್ನು ಅಳೆದು ಕೀಲಿಯನ್ನು ಸಾಮಾನ್ಯ ಬಿಟ್‌ಗಳಾಗಿ ಮಾಡಿಕೊಳ್ಳುತ್ತಾರೆ, ಆಮೇಲೆ ಮುಂದಿನ ತುಂಡಿಗೆ ಹೊಸ ಕ್ವಾಂಟಂ ಕೀಲಿ ಬಳಸಿ ದಾಟಿಸುತ್ತಾರೆ. ಪ್ರತಿ ಊರಿನ ಅಂಚೆ ಕಚೇರಿಯಲ್ಲೂ ಲಕೋಟೆ ಒಡೆದು, ಕಾಗದವನ್ನು ಹೊಸ ಲಕೋಟೆಗೆ ಹಾಕಿ ಮುಂದೆ ಕಳಿಸಿದ ಹಾಗೆ. ಆ ಕೋಣೆಯೊಳಗೆ ಕೀಲಿ ಬೆತ್ತಲೆಯಾಗಿರುತ್ತದೆ. ಅಲ್ಲಿ ಅದನ್ನು ಕಾಯುವುದು ಭೌತಶಾಸ್ತ್ರದ ನಿಯಮವಲ್ಲ. ಬಾಗಿಲ ಬೀಗ, ಕ್ಯಾಮೆರಾ ಮತ್ತು ಅಲ್ಲಿ ಕೆಲಸ ಮಾಡುವ ಮನುಷ್ಯರು.

ಬೀಜಿಂಗ್–ವಿಯೆನ್ನಾ ಕರೆಯೂ ಇದಕ್ಕೆ ಹೊರತಲ್ಲ. ಅಲ್ಲಿ ನಂಬಿಕಸ್ಥ ನಿಲ್ದಾಣ ಮಿಸಿಯಸ್ ಉಪಗ್ರಹವೇ ಆಗಿತ್ತು. ಎರಡೂ ಕಡೆಯ ಕೀಲಿ ಅದಕ್ಕೆ ಗೊತ್ತಿತ್ತು. ಉಪಗ್ರಹ ಯಾರದ್ದೋ ಅವರನ್ನು ನಂಬಲೇಬೇಕು.

ಈಗ 1 ಕಿಲೋಮೀಟರಿಗೆ ಬರೋಣ

ಫೈಬರಿನಲ್ಲಿ ನಷ್ಟ ದೂರದೊಂದಿಗೆ ಗುಣಿಸುತ್ತಾ ಏರುತ್ತದೆ. ಆಕಾಶದಲ್ಲಿ ಹಾಗಿಲ್ಲ. ವಾತಾವರಣದ ದಟ್ಟ ಭಾಗ ಕೆಲವು ಕಿಲೋಮೀಟರ್ ಮಾತ್ರ. ಅದನ್ನು ದಾಟಿದರೆ ಶೂನ್ಯದಲ್ಲಿ ಬೆಳಕು ಹೀರಿಹೋಗುವುದಿಲ್ಲ, ಕಿರಣ ಅಗಲವಾಗುತ್ತದೆ ಅಷ್ಟೇ. ಖಂಡಗಳ ನಡುವೆ ಕೀಲಿ ಕಳಿಸಲು ಉಪಗ್ರಹವೇ ದಾರಿ ಆಗಿರುವುದಕ್ಕೆ ಇದು ಕಾರಣ. ಅಲ್ಲಿಗೆ ಹೋಗುವ ಮೊದಲು ನೆಲದ ಮೇಲೆ ಗಾಳಿಯಲ್ಲಿ ಕಲಿಯಬೇಕು. ಬಿಸಿಲಿಗೆ ಗಾಳಿ ಅಲುಗಿದಾಗ ಕಿರಣ ಅತ್ತಿತ್ತ ಸರಿಯುತ್ತದೆ. ಹಿನ್ನೆಲೆಯ ಬೆಳಕು ಒಂಟಿ ಫೋಟಾನನ್ನು ಮುಳುಗಿಸುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ ಇಸ್ರೊ ಜೊತೆಗೂಡಿ 2021ರಲ್ಲಿ ಎರಡು ಕಟ್ಟಡಗಳ ನಡುವೆ 50 ಮೀಟರ್ ದಾಟಿದ್ದು, ಅದೇ ವರ್ಷ ಇಸ್ರೊ ಅಹಮದಾಬಾದಿನಲ್ಲಿ 300 ಮೀಟರ್ ದಾಟಿದ್ದು ಈ ಮೆಟ್ಟಿಲುಗಳೇ.

ದೆಹಲಿ ಪ್ರಯೋಗದಲ್ಲಿ ಇನ್ನೊಂದು ವಿಶೇಷ ಇತ್ತು. ಅದು ಹೆಣೆದುಕೊಂಡ (ಎಂಟ್ಯಾಂಗಲ್ಡ್) ಫೋಟಾನ್ ಜೋಡಿಗಳನ್ನು, ಅಂದರೆ ದೂರ ಹೋದರೂ ಅಳತೆಯ ಉತ್ತರಗಳು ಒಂದಕ್ಕೊಂದು ತಾಳೆಯಾಗುವ ಜೋಡಿಗಳನ್ನು, ಬಳಸಿತು. 1991ರಲ್ಲಿ ಆರ್ತುರ್ ಎಕರ್ಟ್ ಸೂಚಿಸಿದ ದಾರಿ ಇದು. ಜೋಡಿಯ ಒಂದೊಂದು ಫೋಟಾನ್ ಒಂದೊಂದು ತುದಿಗೆ ಹೋಗುತ್ತದೆ. ಎರಡೂ ಕಡೆಯ ಅಳತೆಗಳಲ್ಲಿ ಹೊಂದಾಣಿಕೆ ಎಷ್ಟು ಗಾಢವಾಗಿದೆ ಎಂದು ನೋಡಿದರೆ ಜೋಡಿ ತಯಾರಿಸುವ ಪೆಟ್ಟಿಗೆ ಮೋಸ ಮಾಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬಹುದು. ಅಂಥ ಪೆಟ್ಟಿಗೆಯನ್ನು ಉಪಗ್ರಹದಲ್ಲಿಟ್ಟರೆ ಉಪಗ್ರಹವನ್ನು ನಂಬುವ ಅಗತ್ಯವೇ ಬೀಳುವುದಿಲ್ಲ. 100 ಕಿಲೋಮೀಟರ್ ಫೈಬರಿನ ಹಳೆಯ ಸಾಧನೆಗಿಂತ 1 ಕಿಲೋಮೀಟರ್ ಗಾಳಿಯ ಹೊಸ ಸಾಧನೆ ಸಣ್ಣದಲ್ಲ ಎನ್ನುವುದು ಇದೇ ಕಾರಣಕ್ಕೆ. ಎರಡೂ ಬೇರೆ ಬೇರೆ ಸಮಸ್ಯೆಗಳಿಗೆ ಹುಡುಕಿದ ಉತ್ತರ.

240 ಬಿಟ್‌ನಲ್ಲಿ ಏನು ಮಾಡಬಹುದು

ಸಂದೇಶ ಎಷ್ಟು ಉದ್ದವೋ ಅಷ್ಟೇ ಉದ್ದದ, ಒಂದೇ ಸಲ ಬಳಸುವ ಕೀಲಿ ಇದ್ದರೆ ಗುಟ್ಟು ಪೂರ್ತಿ ಭದ್ರ ಎಂದು ಕ್ಲಾಡ್ ಶಾನನ್ 1949ರಲ್ಲಿ ಸಾಧಿಸಿದ್ದರು. ‘ಎಂದಿಗೂ ಭೇದಿಸಲಾಗದು’ ಎಂಬ ಮಾತಿಗೆ ಪೂರ್ತಿ ಆಧಾರ ಸಿಗುವುದು ಕ್ವಾಂಟಂ ಕೀಲಿಯನ್ನು ಹೀಗೆ ಬಳಸಿದಾಗ ಮಾತ್ರ.

ಹಳೆಯ ಜಿಎಸ್‌ಎಂ ಫೋನಿನ ಮಾತಿಗೇ ಸೆಕೆಂಡಿಗೆ 13,000 ಬಿಟ್ ಬೇಕಿತ್ತು. 240 ಬಿಟ್ ವೇಗದಲ್ಲಿ ಒಂದು ಸೆಕೆಂಡ್ ಮಾತಿಗೆ ಸುಮಾರು 54 ಸೆಕೆಂಡ್ ಕೀಲಿ ಕೂಡಿಡಬೇಕು. ವಿಡಿಯೊ ಮಾತು ಬಿಡಿ. ಆದ್ದರಿಂದ ಕ್ವಾಂಟಂ ಕೀಲಿಯನ್ನು ಎಇಎಸ್ ಎಂಬ ಸಾಮಾನ್ಯ ಗೂಢಲಿಪಿಗೆ ಉಣಿಸುತ್ತಾರೆ. ವಿಯೆನ್ನಾ ಕರೆಯಲ್ಲೂ ಎಇಎಸ್ ಇತ್ತು, ಸೆಕೆಂಡಿಗೊಮ್ಮೆ ಕೀಲಿ ಬದಲಾಗುತ್ತಿತ್ತು. ಎಇಎಸ್ ಒಳ್ಳೆಯದೇ. 256 ಬಿಟ್‌ನ ಎಇಎಸ್ ಕ್ವಾಂಟಂ ಕಂಪ್ಯೂಟರಿಗೂ ಸುಲಭವಾಗಿ ಬಗ್ಗುವುದಿಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಅದು ಗಣಿತದ ಭದ್ರತೆ. ಇಡೀ ಕರೆಯನ್ನು ಭೌತಶಾಸ್ತ್ರವೇ ಕಾಯುತ್ತಿತ್ತು ಎನ್ನುವಂತಿಲ್ಲ.

ಪೆಟ್ಟಿಗೆಯ ತೂತುಗಳು

ಮೊದಲ ಕ್ವಾಂಟಂ ಗೂಢಲಿಪಿ ಯಂತ್ರ ಕೆಲಸ ಮಾಡಿದ್ದು 1989ರಲ್ಲಿ, ಐಬಿಎಂ ಪ್ರಯೋಗಾಲಯದಲ್ಲಿ. ಬೆಳಕು ಸಾಗಿದ ದೂರ ಸುಮಾರು 32 ಸೆಂಟಿಮೀಟರ್, ಒಂದು ಮೇಜಿನ ಮೇಲೆ. ಫೋಟಾನಿನ ದಿಕ್ಕು ತಿರುಗಿಸಲು ಹೈ ವೋಲ್ಟೇಜ್ ಬೇಕಿತ್ತು. ಅದನ್ನು ಕೊಡುವ ವಿದ್ಯುತ್ ಸಾಧನ ಗುಂಯ್‌ಗುಡುತ್ತಿತ್ತು. ಯಾವ ದಿಕ್ಕಿಗೆ ತಿರುಗಿಸುತ್ತಿದ್ದರೋ ಅದಕ್ಕೆ ತಕ್ಕಂತೆ ಸದ್ದು ಬದಲಾಗುತ್ತಿತ್ತು. ಪಕ್ಕದಲ್ಲಿ ಕಿವಿಗೊಟ್ಟು ನಿಂತವರಿಗೆ ಫೋಟಾನ್ ಮುಟ್ಟದೆಯೇ ಕೀಲಿ ಸಿಗುತ್ತಿತ್ತು. ಇಡೀ ಕ್ಷೇತ್ರದ ಸಮಸ್ಯೆ ಆ ಮೇಜಿನ ಮೇಲೆಯೇ ಇತ್ತು ಎನ್ನಬೇಕು. ಫೋಟಾನಿನಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಹೊಲೆವೊ ಮಿತಿ ಇದೆ. ಪೆಟ್ಟಿಗೆಯ ಸದ್ದು, ಶಾಖ, ವಿದ್ಯುತ್ ಏರಿಳಿತದಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಅಂಥ ಮಿತಿ ಇಲ್ಲ.

2010ರಲ್ಲಿ ಇದು ಗಂಭೀರ ರೂಪದಲ್ಲಿ ಬಯಲಾಯಿತು. ಲಾರ್ಸ್ ಲಿಡರ್ಸನ್, ವಾದಿಂ ಮಕರೊವ್ ಮತ್ತು ಸಂಗಡಿಗರು ಮಾರುಕಟ್ಟೆಯಲ್ಲಿದ್ದ ಎರಡು ಕಂಪನಿಗಳ ಯಂತ್ರಗಳನ್ನು ಸುಳಿವು ಸಿಗದಂತೆ ಭೇದಿಸಬಹುದು ಎಂದು ತೋರಿಸಿದರು. ಒಂಟಿ ಫೋಟಾನ್ ಪತ್ತೆ ಮಾಡುವ ಡಿಟೆಕ್ಟರಿನ ಮೇಲೆ ಪ್ರಖರ ಬೆಳಕು ಬಿಟ್ಟರು. ಅದು ತನ್ನ ಸೂಕ್ಷ್ಮತೆ ಕಳೆದುಕೊಂಡು ಮಾಮೂಲಿ ಬೆಳಕಿನ ಮಾಪಕದಂತೆ ವರ್ತಿಸತೊಡಗಿತು. ಆಮೇಲೆ ಅಳತೆ ಮಾಡಿ ರೂಪಿಸಿದ ಬೆಳಕಿನ ಹೊಡೆತ ಕಳಿಸಿದರೆ, ಕಳ್ಳ ಕೇಳಿದ್ದ ಪ್ರಶ್ನೆಯನ್ನೇ ಪಡೆಯುವವರೂ ಕೇಳಿದಾಗ ಮಾತ್ರ ಡಿಟೆಕ್ಟರ್ ಕ್ಲಿಕ್ ಎನ್ನುತ್ತದೆ. ಬೇರೆ ಪ್ರಶ್ನೆಯಾಗಿದ್ದರೆ ಸುಮ್ಮನಿರುತ್ತದೆ. ಶೇ 25ರ ತಪ್ಪು ಬರುವುದೇ ಇಲ್ಲ. ಕಳ್ಳನ ಬಳಿ ಪೂರ್ತಿ ಕೀಲಿ ಇರುತ್ತದೆ. ಕ್ವಾಂಟಂ ನಿಯಮ ಯಾವುದೂ ಮುರಿಯಲಿಲ್ಲ. ಭದ್ರತೆಯ ಪುರಾವೆಯಲ್ಲಿ ಊಹಿಸಿಕೊಂಡ ಯಂತ್ರವೇ ಬೇರೆ, ಮೇಜಿನ ಮೇಲಿದ್ದ ಯಂತ್ರವೇ ಬೇರೆ.

ಇದಕ್ಕೆ ಮದ್ದು ಹುಡುಕಿದ್ದಾರೆ. 2012ರಲ್ಲಿ ಬಂದ ಒಂದು ವಿಧಾನದಲ್ಲಿ ಡಿಟೆಕ್ಟರ್ ಕಳ್ಳನ ಕೈಯಲ್ಲೇ ಇದ್ದರೂ ಚಿಂತೆಯಿಲ್ಲ. ಪೆಟ್ಟಿಗೆಯ ಒಳಗನ್ನೇ ನಂಬಬೇಕಾಗದ ವಿಧಾನವೂ 2022ರಲ್ಲಿ ಆಕ್ಸ್‌ಫರ್ಡ್ ಮತ್ತು ಮ್ಯೂನಿಕ್ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿತು. ಆದರೆ ಭದ್ರತೆ ಹೆಚ್ಚಿಸಿದಷ್ಟೂ ವೇಗ ಮತ್ತು ದೂರ ಕುಗ್ಗುತ್ತವೆ.

ಬೇಡ ಎನ್ನುವವರು, ಬೇಕು ಎನ್ನುವವರು

ಎನ್‌ಎಸ್‌ಎ ಆಕ್ಷೇಪಗಳು ಈಗ ಸ್ಪಷ್ಟವಾಗುತ್ತವೆ. ಕ್ವಾಂಟಂ ಕೀಲಿ ಆಚೆ ಬದಿಯಲ್ಲಿರುವುದು ಯಾರು ಎಂದು ಹೇಳುವುದಿಲ್ಲ, ಅದಕ್ಕೆ ಮೊದಲೇ ಹಂಚಿಕೊಂಡ ಗುಟ್ಟೋ ಗಣಿತದ ಸಹಿಯೋ ಬೇಕು. ವಿಶೇಷ ಯಂತ್ರ, ವಿಶೇಷ ಕೇಬಲ್ ಬೇಕು. ನಂಬಿಕಸ್ಥ ನಿಲ್ದಾಣಗಳಿಂದ ಖರ್ಚೂ ಒಳಗಿನವರ ಅಪಾಯವೂ ಜಾಸ್ತಿ. ಯಂತ್ರವನ್ನು ಪರೀಕ್ಷಿಸಿ ಪ್ರಮಾಣೀಕರಿಸುವುದು ಕಷ್ಟ. ಕದ್ದು ನೋಡುತ್ತಲೇ ಇದ್ದರೆ ಸಂಪರ್ಕವೇ ನಿಂತುಹೋಗುತ್ತದೆ. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್‌ನ ಸಂಸ್ಥೆಗಳೂ 2024ರ ಜನವರಿಯಲ್ಲಿ ಒಟ್ಟಾಗಿ ಇದೇ ನಿಲುವು ತಳೆದವು: ಮೊದಲ ಆದ್ಯತೆ ಹೊಸ ಗಣಿತಕ್ಕೆ.

ಆ ಹೊಸ ಗಣಿತ ಸಿದ್ಧವಾಗಿದೆ. ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಮೂರು ಮಾನದಂಡ ಹೊರಡಿಸಿತು. ಕ್ರೋಮ್ ಬ್ರೌಸರ್, ಸಿಗ್ನಲ್, ಆಪಲ್‌ನ ಐಮೆಸೇಜ್ ಈಗಾಗಲೇ ಇಂಥ ಗೂಢಲಿಪಿ ಬಳಸುತ್ತಿವೆ. ಬಳಕೆದಾರರಿಗೆ ಗೊತ್ತೇ ಆಗದೆ ಒಂದು ಅಪ್‌ಡೇಟಿನಲ್ಲಿ ಬಂದುಬಿಟ್ಟಿತು.

ಕ್ವಾಂಟಂ ಕೀಲಿಯ ಪರ ಇರುವವರ ವಾದವೂ ಗಟ್ಟಿಯಾದದ್ದೇ. ಹೊಸ ಗಣಿತ ಗಟ್ಟಿ ಎಂಬುದಕ್ಕೆ ಪುರಾವೆ ಇಲ್ಲ, ಯಾರೂ ಇನ್ನೂ ಮುರಿದಿಲ್ಲ ಎಂಬ ಭರವಸೆ ಮಾತ್ರ ಇದೆ. ಆ ಮಾನದಂಡಗಳನ್ನು ಆರಿಸಲು ನಿಸ್ಟ್ ನಡೆಸಿದ ಸ್ಪರ್ಧೆಯಲ್ಲಿ ಮುಂದುವರಿದಿದ್ದ ಸೈಕ್ ಎಂಬ ವಿಧಾನವನ್ನು 2022ರಲ್ಲಿ ಇಬ್ಬರು ಸಂಶೋಧಕರು ಸಾಧಾರಣ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಗಣಿತದ ಕೀಲಿ ವಿನಿಮಯವನ್ನು ಇಂದು ದಾಖಲಿಸಿಟ್ಟುಕೊಂಡು ಮುಂದೆ ಮುರಿಯಬಹುದು. ಕ್ವಾಂಟಂ ವಿನಿಮಯದಲ್ಲಿ ಹಾಗೆ ದಾಖಲಿಸಲು ಏನೂ ಉಳಿಯುವುದಿಲ್ಲ. ಇದು ಬೇರೆ ಯಾವ ವಿಧಾನಕ್ಕೂ ಇಲ್ಲದ ಗುಣ. 40–50 ವರ್ಷ ಗುಟ್ಟಾಗಿರಬೇಕಾದ ರಾಜ್ಯದ ದಾಖಲೆಗಳಿಗೆ ಇದರ ಬೆಲೆ ದೊಡ್ಡದು.

ಎರಡನ್ನೂ ತೂಗಿದರೆ ದೇಶದ ಕೋಟ್ಯಂತರ ಫೋನು, ಬ್ಯಾಂಕು, ಆಸ್ಪತ್ರೆಗಳಿಗೆ ಹೊಸ ಗಣಿತವೇ ದಾರಿ. ಮನೆಮನೆಗೆ ಒಂಟಿ ಫೋಟಾನ್ ಡಿಟೆಕ್ಟರ್ ಹಾಕುವುದು ಆಗದ ಮಾತು. ಕ್ವಾಂಟಂ ಕೀಲಿಗೆ ಜಾಗ ಇರುವುದು ಆಯ್ದ ಕೆಲವು ಮಾರ್ಗಗಳಲ್ಲಿ, ಅದೂ ಹೊಸ ಗಣಿತದ ಜೊತೆ ಸೇರಿಸಿ. ಎರಡೂ ಸೋತರೆ ಮಾತ್ರ ಗುಟ್ಟು ಬಯಲಾಗುವಂತೆ.

ಭಾರತದ ಮುಂದಿರುವ ಕೆಲಸ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಇದೆ, 2030–31ರವರೆಗೆ. ಉಪಗ್ರಹದ ಮೂಲಕ 2,000 ಕಿಲೋಮೀಟರ್, ನಗರಗಳ ನಡುವೆ ನೆಲದ ಮೇಲೆ 2,000 ಕಿಲೋಮೀಟರ್ ಕ್ವಾಂಟಂ ಕೀಲಿ ಹಂಚಿಕೆ ಅದರ ಗುರಿಗಳಲ್ಲಿ ಸೇರಿವೆ. ಕ್ವಾಂಟಂ ಸಂವಹನದ ಹೊಣೆ ಐಐಟಿ ಮದ್ರಾಸ್ ಮತ್ತು ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ಗೆ ಬಂದಿದೆ. ಕ್ವಾಂಟಂ ಕಂಪ್ಯೂಟರಿನ ಕೇಂದ್ರ ಬೆಂಗಳೂರಿನ ಐಐಎಸ್‌ಸಿ.

ನೆಲದ ಮೇಲಿನ 2,000 ಕಿಲೋಮೀಟರ್ ಬಗ್ಗೆ ಸರ್ಕಾರ ಬಿಚ್ಚಿ ಹೇಳಬೇಕು. ಕ್ವಾಂಟಂ ಸಂಕೇತವನ್ನು ಅಳೆಯದೆಯೇ ಮುಂದೆ ದಾಟಿಸಬಲ್ಲ ರಿಪೀಟರುಗಳು ಇನ್ನೂ ಪ್ರಯೋಗಾಲಯದಲ್ಲಿವೆ. ಅವು ಬರುವ ತನಕ ಈ ಜಾಲದಲ್ಲಿ ಹತ್ತಾರು ನಂಬಿಕಸ್ಥ ನಿಲ್ದಾಣಗಳು ಇರಲೇಬೇಕು. ಅವು ಎಲ್ಲಿರುತ್ತವೆ ಎಂದು ಸಾರ್ವಜನಿಕರಿಗೆ ಹೇಳಬೇಕಿಲ್ಲ. ಆದರೆ ಅವು ಇವೆ ಎಂಬುದನ್ನು, ಅಲ್ಲಿನ ಕೀಲಿ ಯಾವ ಇಲಾಖೆಯ ವಶದಲ್ಲಿರುತ್ತದೆ ಎಂಬುದನ್ನು ಮರೆಮಾಚಿ ‘ಭೇದಿಸಲಾಗದ ಜಾಲ’ ಎಂದು ಕರೆಯುವುದು ತಪ್ಪು. ಅದನ್ನು ನಂಬಿ ಒಂದು ಬ್ಯಾಂಕ್ ಅಥವಾ ಸೇನಾ ಘಟಕ ಬೇರೆ ರಕ್ಷಣೆಗಳನ್ನು ಸಡಿಲಿಸಿದರೆ ಜಾಲ ಇಲ್ಲದ ಕಾಲಕ್ಕಿಂತ ಕೆಟ್ಟ ಸ್ಥಿತಿ ಬರುತ್ತದೆ.

ಇನ್ನೊಂದು ಕೆಲಸ ಯಾವ ತಲೆಬರಹಕ್ಕೂ ಬರುವುದಿಲ್ಲ. 2010ರ ಡಿಟೆಕ್ಟರ್ ದೋಷವನ್ನು ಬಯಲು ಮಾಡಿದವರು ಯಂತ್ರ ಮಾರುವವರಲ್ಲ. ಅದನ್ನು ಮುರಿಯುವುದನ್ನೇ ಸಂಶೋಧನೆ ಮಾಡಿಕೊಂಡ ವಿಶ್ವವಿದ್ಯಾಲಯದ ತಂಡಗಳು. ಅವರು ಕಂಡದ್ದನ್ನು ಕಂಪನಿಗಳಿಗೆ ತಿಳಿಸಿದರು, ಪ್ರಕಟಿಸಿದರು. ಡಿಟೆಕ್ಟರುಗಳು ಸುಧಾರಿಸಿದ್ದು ಆಮೇಲೆ. ಬೆಂಗಳೂರಿನಲ್ಲಿ ಕ್ವಾಂಟಂ ಕೀಲಿಯ ಯಂತ್ರ ತಯಾರಿಸುವ ಕ್ಯೂನು ಲ್ಯಾಬ್ಸ್ ಇದೆ, ಫೋಟಾನ್ ಪ್ರಯೋಗ ಮಾಡುವ ರಾಮನ್ ಸಂಸ್ಥೆ ಇದೆ, ಐಐಎಸ್‌ಸಿ ಇದೆ. ಯಂತ್ರ ಕಟ್ಟುವವರಿಗೂ ಕೊಳ್ಳುವವರಿಗೂ ಸಂಬಂಧಪಡದ, ಮುರಿಯುವುದಕ್ಕೇ ಸಂಬಳ ಪಡೆಯುವ ಒಂದು ಪರೀಕ್ಷಾ ಪ್ರಯೋಗಾಲಯವನ್ನು ಮಿಷನ್ ಹಣದಲ್ಲಿ ಇಲ್ಲೇ ಕಟ್ಟಬಹುದು. ನೆಲದ ಜಾಲಕ್ಕೆ ಸೇರುವ ಪ್ರತಿ ಯಂತ್ರದ ಮಾದರಿಯೂ ಮೊದಲು ಅಲ್ಲಿ ಬಿಚ್ಚಿಕೊಳ್ಳಬೇಕು. ಪ್ರಖರ ಬೆಳಕಿನ ಎದುರು ಅದರ ಡಿಟೆಕ್ಟರ್ ಹೇಗೆ ವರ್ತಿಸುತ್ತದೆ, ಅದರ ವಿದ್ಯುತ್ ಸಾಧನ ಏನು ಸದ್ದು ಮಾಡುತ್ತದೆ ಎಂಬ ವರದಿ, ದೋಷ ಸರಿಪಡಿಸಿದ ಮೇಲಾದರೂ, ಪ್ರಕಟವಾಗಬೇಕು.